ಕಲ್ಲಿನಾಚೆ ನಿಂತ ಗಾಡಿ

ತಿರುಮಣಿ
೪ ಆಗಸ್ಟ್ ೨೦೨೪

ಅಪ್ಪನಿಗೆ ಲಾವಣ್ಯ ಮಾಡುವ ನಮಸ್ಕಾರ.

ಫೋನ್ ಮಾಡಿದರೆ ನೀನು ‘ಆಂ? ಆಂ?’ ಎನ್ನುತ್ತೀಯ, ನಾನು ಕಿರುಚುತ್ತೇನೆ, ಅಕ್ಕಪಕ್ಕದವರು ಅಪ್ಪ ಮಗಳಿಗೆ ಜಗಳ ಹತ್ತಿತು ಅಂದುಕೊಳ್ಳುತ್ತಾರೆ. ಅದಕ್ಕೇ ಈ ಕಾಗದ. ಶಿರಾ, ಮಧುಗಿರಿ, ಪಾವಗಡ ಲೈನಿನಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿ, ಮಗ್ಗುಲಲ್ಲಿ ಒದರುತ್ತಿದ್ದ ಎಂಜಿನ್ನಿಗೆ ಎರಡೂ ಕಿವಿ ಒಪ್ಪಿಸಿ ಬಂದವನು ನೀನು. ಈಗ ನನ್ನ ಕಿವಿಗಳ ಸರದಿ.

ನಮ್ಮ ಮನೆಗಾಡಿ ನೀನು ಒಂದೇ ಸಲ ನೋಡಿದ್ದು. ಹಳೆಯ ಟೆಂಪೊ ಟ್ರಾವೆಲರ್. ಹಿಂದೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು. ಮುಂದೆ ಸ್ಟೇರಿಂಗ್ ಹಿಡಿದು ನಾನು. ಸೋಲಾರ್ ಪ್ಲೇಟು ಕೆಟ್ಟಿತು ಎಂದು ಕರೆ ಬಂದ ಕಡೆಗೆಲ್ಲ ನಿನ್ನ ಅಳಿಯ ರಂಗರಾಜು ಹೋಗಬೇಕು, ಹೋದಲ್ಲೇ ನಮ್ಮ ಮನೆ. ಓಡುವಾಗ ಮಾತ್ರ ಅದು ಮನೆಯಲ್ಲ, ರಾಗಿ ಗಿರಣಿ. ಇಬ್ಬರ ಸೀಟಿನ ಮಧ್ಯೆ ಇರುವ ಎಂಜಿನ್ ಕವರು ಗಡಗಡ ಎನ್ನುತ್ತದೆ. ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತದೆ. ಕ್ಲಚ್ಚಿನ ಹತ್ತಿರ ಎಲ್ಲಿಂದಲೋ ಗಾಳಿ ನುಗ್ಗಿ ಪಾದ ಮರಗಟ್ಟುತ್ತದೆ. ರಂಗರಾಜು ‘ಎಡಕ್ಕೆ’ ಅಂದದ್ದು ಕೇಳಿಸದೆ ಮೊನ್ನೆ ನೇರ ಆಂಧ್ರದೊಳಕ್ಕೆ ಹೋಗಿಬಿಟ್ಟಿದ್ದೆ. ಅಲ್ಲೊಬ್ಬ ಅಜ್ಜ ತೆಲುಗಿನಲ್ಲಿ ‘ಎಕ್ಕಡಿಕಮ್ಮಾ?’ ಅಂದ ಮೇಲೆ ತಿರುಗಿಸಿಕೊಂಡು ಬಂದೆವು. ಇದಕ್ಕೆ ಏನು ಮಾಡಬೇಕು ಬರೆ.

ಇನ್ನೊಂದು ಮಾತು. ನಿನಗೆ ಮೊಮ್ಮಗು ಬರುತ್ತಿದೆ. ಡಿಸೆಂಬರ್ ಕೊನೆ ಎಂದು ಪಾವಗಡದ ಡಾಕ್ಟರಮ್ಮ ಹೇಳಿದರು. ಚೊಚ್ಚಲು, ತವರಿಗೇ ಬರುತ್ತೇನೆ. ಆದರೆ ಕಲ್ಲಿನಾಚೆಯ ಗುಡ್ಲಿಗಲ್ಲ, ಅಪ್ಪ. ಮನೆಗೆ.

ನಿನ್ನ ಮಗಳು
ಲಾವಣ್ಯ


ದೊಡ್ಡಬೇವಿನಹಟ್ಟಿ, ಶಿರಾ ತಾಲ್ಲೂಕು
೧೫ ಆಗಸ್ಟ್ ೨೦೨೪

ಮಗಳು ಲಾವಣ್ಯಳಿಗೆ ಅಪ್ಪ ನರಸಪ್ಪನ ಆಶೀರ್ವಾದ.

ಪೋಸ್ಟಿನ ರೇಣುಕಯ್ಯ ಕಾಗದ ಕೊಟ್ಟ ಕೂಡಲೇ ನಿಮ್ಮಮ್ಮನಿಗೆ ಓದಿ ಹೇಳಿದೆ. ಕೆಂಪಕ್ಕ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಡಬ್ಬ ತಡಕಿ ಮೆಂತ್ಯ ಎಷ್ಟಿದೆ ಎಂದು ನೋಡಲು ಹೋದಳು. ಹೆರಿಗೆಗೆ ಇನ್ನೂ ಕಾಲವಿದೆ ಎಂದರೆ ನನ್ನನ್ನು ಕಣ್ಣಲ್ಲೇ ಸುಟ್ಟಳು.

ಗಾಡಿಯ ವಿಷಯ ಕೇಳು. ಗಾಳಿ ಬರುವ ದಾರಿಯಲ್ಲೇ ಸದ್ದೂ ಬರುತ್ತದೆ. ಮೊದಲು ಹುಡುಕು, ಆಮೇಲೆ ಮುಚ್ಚು. ಗಾಳಿಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ಗಾಜೆಲ್ಲ ಏರಿಸಿ, ಒಂದು ಊದುಬತ್ತಿ ಹಚ್ಚಿಕೋ. ಬಾಗಿಲ ಅಂಚು, ಗೇರು, ಪೆಡಲು, ಡ್ಯಾಶ್‌ಬೋರ್ಡಿನ ಅಡಿ ಎಲ್ಲ ಕಡೆ ಮೆಲ್ಲಗೆ ಆಡಿಸು. ಹೊಗೆ ಬಾಗಿದ ಕಡೆ ತೂತಿದೆ. ನೆಟ್ಟಗೆ ನಿಂತರೆ ಅಲ್ಲಿ ನೀನು ಗೆದ್ದೆ.

ಬಾಗಿಲಿಗೆ ಪೇಪರಿನ ಚೂರು ಸಿಕ್ಕಿಸಿ ಮುಚ್ಚಿ ಎಳೆ. ಸಲೀಸಾಗಿ ಬಂದರೆ ರಬ್ಬರು ಸತ್ತಿದೆ ಎಂದು ಲೆಕ್ಕ. ಆದರೆ ರಬ್ಬರು ಕೊಳ್ಳುವ ಮೊದಲು ಬಾಗಿಲಿನ ಲಾಕು ಬಿಗಿ ಮಾಡಿಸು, ಅರ್ಧ ರೋಗ ಅಲ್ಲೇ ಇರುತ್ತದೆ. ಪೆಡಲು, ವೈರು ತೂರಿದ ತೂತುಗಳಿಗೆ ರಬ್ಬರ್ ವಾಷರ್ ಹಾಕಿಸು. ಎಂಜಿನ್ ಕವರಿನ ಕ್ಲಿಪ್ಪುಗಳು ಸಡಿಲವಾಗಿರುತ್ತವೆ, ನೋಡು. ಅದರ ಒಳಗೆ ಮಾತ್ರ ಕಾವು ತಡೆಯುವ ಶೀಟೇ ಆಗಬೇಕು. ಬಟ್ಟೆಗಿಟ್ಟೆ ತುರುಕಿ ಬೆಂಕಿಯನ್ನು ಊಟಕ್ಕೆ ಕರೆಯಬೇಡ. ಬಾಗಿಲ ತಗಡು, ನೆಲದ ತಗಡು ಬಡಿದು ನೋಡಿ, ಡಬ್ಬದ ಹಾಗೆ ಅದುರುವ ಕಡೆ ಡಾಂಬರು ಶೀಟು ಅಂಟಿಸು. ನನಗೆ ಕೇಳುವುದಿಲ್ಲ, ಆದರೆ ಅಂಗೈ ಇಟ್ಟರೆ ಯಾವ ತಗಡು ಅದುರುತ್ತದೆ ಎಂದು ಹೇಳುತ್ತೇನೆ. ಕಿವುಡನಿಗೆ ಮೈಯೆಲ್ಲ ಕಿವಿ.

ಮುಂದಿನ ಸೀಟಿಗೂ ಹಿಂದಿನ ಮನೆಗೂ ಮಧ್ಯೆ ಕಟ್ಟಲು ಒಂದು ಕಂಬಳಿ ಕಳಿಸುತ್ತೇನೆ. ನಮ್ಮ ಕುರಿಯದೇ ಉಣ್ಣೆ. ಅದು ಕುಡಿಯುವಷ್ಟು ಸದ್ದನ್ನು ಬೇರೆ ಯಾವುದೂ ಕುಡಿಯುವುದಿಲ್ಲ.

ನಿನ್ನ ಕೊನೆಯ ಮಾತಿಗೆ ಇನ್ನೊಂದು ಸಲ ಬರೆಯುತ್ತೇನೆ.

ಅಪ್ಪ
ನರಸಪ್ಪ


ತಿರುಮಣಿ
೮ ಸೆಪ್ಟೆಂಬರ್ ೨೦೨೪

ಅಪ್ಪಾ,

ನೀನು ಹೇಳಿದ ಹಾಗೆಯೇ ಮಾಡಿದೆವು. ಊದುಬತ್ತಿ ಹಿಡಿದು ಗಾಡಿಯೊಳಗೆ ತಿರುಗುವಾಗ ರಂಗರಾಜು ‘ನಿಮ್ಮಪ್ಪ ರಿಪೇರಿ ಹೇಳವ್ರೋ ಪೂಜೆ ಹೇಳವ್ರೋ?’ ಎಂದು ನಗುತ್ತಿದ್ದ. ಕ್ಲಚ್ಚಿನ ಮೇಲೆ ಹೊಗೆ ಹೇಗೆ ಬಾಗಿತು ಎಂದರೆ ಯಾರೋ ಊದಿದ ಹಾಗೆ. ಕಾಲ್ಬೆರಳು ತೂರುವಷ್ಟು ತೂತು! ಮುಚ್ಚಿದೆವು. ಮಧುಗಿರಿಯಲ್ಲಿ ಬಾಗಿಲ ಲಾಕು ಬಿಗಿಯಾಯಿತು, ಎಡಗಡೆಗೆ ಹೊಸ ರಬ್ಬರು ಬಂತು. ಕಂಬಳಿ ಕಟ್ಟಿದ ದಿನ ನನಗೆ ಗಾಡಿಯೇ ಕೆಟ್ಟುಹೋಯಿತೇನೋ ಅನ್ನಿಸಿತು, ಅಷ್ಟು ಸದ್ದು ಇಳಿದಿತ್ತು. ಈಗ ಜಗಳವನ್ನೂ ಮೆತ್ತಗೆ ಆಡುತ್ತೇವೆ.

ಆದರೆ ‘ಇನ್ನೊಂದು ಸಲ’ ಎಂದರೆ ಯಾವಾಗ, ಅಪ್ಪ?

ರಂಗರಾಜುವಿನ ಊರಿನಲ್ಲಿ ಈ ಪದ್ಧತಿ ನಿಂತು ಬಹಳ ಕಾಲವಾಯಿತು. ನಮ್ಮ ಹಟ್ಟಿಯಲ್ಲಿ ಇನ್ನೂ ಇದೆ ಎಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೆತ್ತವಳ ಮೈಲಿಗೆ ದೇವರಿಗೆ ತಾಕಬಾರದು, ಅದಕ್ಕೆ ಬಾಣಂತಿ ಕೂಸನ್ನು ಕಟ್ಟಿಕೊಂಡು ಹಟ್ಟಿಯ ಗಡಿಕಲ್ಲಿನ ಆಚೆ ಮೂರು ತಿಂಗಳು ಸೋಗೆ ಗುಡ್ಲಿನಲ್ಲಿ ಇರಬೇಕು, ತೀರ್ಥ ಹಾಕಿಸಿಕೊಂಡ ಮೇಲೆ ಒಳಗೆ ಬರಬೇಕು ಅಂತ ಹೇಗೆ ಹೇಳಲಿ? ಅವನು ನನ್ನನ್ನಲ್ಲ, ನಿನ್ನನ್ನು ಏನೆಂದುಕೊಳ್ಳುತ್ತಾನೋ ಎಂದು ನಾಚಿಕೆಯಾಯಿತು. ಕೊನೆಗೆ ಹೇಳಿದೆ. ಅವನು ಎದ್ದು ಹೋಗಿ ಟೈರಿನ ಗಾಳಿ ನೋಡತೊಡಗಿದ.

ನನಗೆ ಮನೆಯಲ್ಲಿ, ನಡುಮನೆಯ ತೊಲೆಯಲ್ಲಿರುವ ಕೊಕ್ಕೆಗೆ ತೊಟ್ಟಿಲು ಕಟ್ಟಿ ನನ್ನ ಕೂಸನ್ನು ಮಲಗಿಸಬೇಕು. ಅಷ್ಟೇ ಆಸೆ. ದೊಡ್ಡದೇನಲ್ಲ.

ಲಾವಣ್ಯ


ದೊಡ್ಡಬೇವಿನಹಟ್ಟಿ
೨೬ ಸೆಪ್ಟೆಂಬರ್ ೨೦೨೪

ಲಾವಣ್ಯ,

ಪೂಜಾರಿ ರಾಜಣ್ಣನ ಹತ್ತಿರ ಹೋಗಿದ್ದೆ. ಅವನೇನು ಕೆಟ್ಟವನಲ್ಲ, ನಿನ್ನ ಮದುವೆಗೆ ಚಪ್ಪರ ಹಾಕಿದವನು. ನನ್ನ ಕಿವಿಗೆ ಬಾಯಿಟ್ಟು ಕೂಗಿದ: ‘ನಂದೇನೈತೆ ನರಸಪ್ಪ, ಎಲ್ಲಾ ದ್ಯಾವ್ರುದ್ದು. ಬಾಣಂತಿನ ಕಲ್ಲು ದಾಟಿಸ್ಬುಟ್ರೆ ನಾಳೆ ಒಂದ್ ಕುರಿ ಸತ್ರೂ ನಿನ್ ಮಗಳ ಹೆಸ್ರೇ ಬತ್ತದೆ. ತಡ್ಕಂತೀಯಾ?’

ತಡೆದುಕೊಳ್ಳುವ ಎದೆ ನನಗಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿ ಕೂತಿದ್ದಾಗ ಥಟ್ಟನೆ ಹೊಳೆಯಿತು. ಗುಡ್ಲು ಬೇಡ. ನಿನ್ನ ಮನೆಯನ್ನೇ ನೀನು ತಂದರೆ? ಹೆರಿಗೆ ಹೇಗೂ ಶಿರಾ ಆಸ್ಪತ್ರೆಯಲ್ಲಿ. ಅಲ್ಲಿಂದ ಬಂದು ಗಾಡಿಯನ್ನು ಕಲ್ಲಿನಾಚೆ ಬೇವಿನ ಮರದ ಕೆಳಗೆ ನಿಲ್ಲಿಸು. ಮಂಚ ಇದೆ, ಲೈಟು ಇದೆ, ತಗಡಿನ ಗೋಡೆ ಇದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ರಾಜಣ್ಣನಿಗೆ ಹೇಳಿದೆ. ತಲೆ ಕೆರೆದುಕೊಂಡು, ‘ಗಾಡಿ ತಾನೆ? ಅದು ಗುಡ್ಲೂ ಅಲ್ಲ, ಮನೇನೂ ಅಲ್ಲ. ನಿಲ್ಸ್ಕೊ ಬುಡು’ ಎಂದ.

ಡಿಸೆಂಬರಿನ ಚಳಿಗಾಳಿ ನಮ್ಮ ಬಯಲಿನಲ್ಲಿ ಹೇಗೆ ಬೀಸುತ್ತದೆ ಎಂದು ನಿನಗೆ ಗೊತ್ತು. ಮುಂದಿನ ಕ್ಯಾಬಿನ್ನಿನಿಂದ ಹಿಂದಿನ ಕಿಟಕಿಯವರೆಗೆ ಒಂದೊಂದು ಸಂದಿಯನ್ನೂ ನಾನೇ ಮುಚ್ಚುತ್ತೇನೆ. ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಹಾಗೆ ಗಾಡಿಯ ಕಿವಿಗೆಲ್ಲ ಹತ್ತಿ ಇಡುತ್ತೇನೆ. ಹೈವೇ ಲಾರಿಗಳ ಸದ್ದಿಗೆ ಕೂಸು ಬೆಚ್ಚಬಾರದು. ನನ್ನ ಕಿವಿ ಹೋದ ಹಾಗೆ ಅದರ ಕಿವಿ ಹೋಗಬಾರದು. ಗುಡ್ಲಿನ ಮಾತೇ ಇಲ್ಲ, ನೋಡು. ನಿನ್ನ ಮಾತು ನಡೆಯಿತೋ ಇಲ್ಲವೋ?

ಅಪ್ಪ


ಪಾವಗಡ
೧೯ ಅಕ್ಟೋಬರ್ ೨೦೨೪

ಅಪ್ಪಾ,

ನನ್ನ ಮಾತು ನಡೆಯಲಿಲ್ಲ. ನಾನು ಮನೆ ಎಂದೆ, ನೀನು ಗಾಡಿ ಎಂದೆ. ಗಾಳಿ ಬರದ ಹಾಗೆ ಮುಚ್ಚುವುದು ನಿನಗೆ ಗೊತ್ತು, ಬಾಗಿಲು ತೆಗೆಯುವುದು ಗೊತ್ತಿಲ್ಲ.

ರಂಗರಾಜು ಕೊರಟಗೆರೆಯ ಅವನ ಅಕ್ಕನ ಮನೆಗೇ ಹೋಗೋಣ ಎನ್ನುತ್ತಿದ್ದಾನೆ. ನಾನೇ ಬೇಡ ಎಂದೆ. ನನಗೆ ಅಮ್ಮನ ಕೈ ಬೇಕು. ಅಷ್ಟಕ್ಕೆ ಒಪ್ಪಿ ಬರುತ್ತೇನೆ. ಒಪ್ಪಿದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ ಎಂದು ಮಾತ್ರ ತಿಳಿದಿರಲಿ.

ಲಾವಣ್ಯ


ದೊಡ್ಡಬೇವಿನಹಟ್ಟಿ
೨೭ ಜನವರಿ ೨೦೨೫

ತಾಯಿ ಲಾವಣ್ಯ,

ನೀನು ಆಸ್ಪತ್ರೆಯಿಂದ ಬಿಡುಗಡೆಯಾಗಿ ಕೊರಟಗೆರೆಗೆ ಹೋದೆ ಎಂದು ಅಳಿಯಂದಿರು ಪಕ್ಕದ ಮನೆಯ ಈಶ್ವರಮ್ಮನ ಫೋನಿಗೆ ಹೇಳಿದರಂತೆ. ನಮಗೆ ಹೇಳಲಿಲ್ಲ. ಅದು ಸರಿಯೇ. ನೀನು ಗಾಡಿಯೊಳಗಿದ್ದೆ, ಹೊರಗೆ ಏನಾಯಿತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ನಾನೇ ಹೇಳದಿದ್ದರೆ ಇನ್ನು ಯಾರೂ ಹೇಳುವುದಿಲ್ಲ.

ನೀನು ಹೆತ್ತು ಬಂದು ಗಾಡಿಯಲ್ಲಿ ಮಲಗಿದ್ದ ಆ ಬೆಳಿಗ್ಗೆ ಗಾಳಿ ಚುಚ್ಚುತ್ತಿತ್ತು. ನಿಮ್ಮಮ್ಮ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ನಿನ್ನ ಮಂಚದ ಕೆಳಗೆ ಇಟ್ಟಳು. ಗುಡ್ಲಿನಲ್ಲಿ ಅವಳಿಗೆ ಅವಳಮ್ಮ ಇಟ್ಟ ಹಾಗೆ, ಅವಳಮ್ಮನಿಗೆ ಅವರಮ್ಮ ಇಟ್ಟ ಹಾಗೆ. ಕೆಂಡದ ವಿಷವೆಲ್ಲ ಆಗ ಸೋಗೆಯ ಸಂದಿಯಲ್ಲಿ ಆಚೆ ಹೋಗುತ್ತಿತ್ತು. ಅದು ನಮ್ಮ ಹಿರಿಯರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಾನು ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಹಿಂದಿನ ದಿನವಷ್ಟೇ ಊದುಬತ್ತಿ ಹಚ್ಚಿ ನಿನಗೆ ತೋರಿಸಿದ್ದೆ. ಹೊಗೆ ನೂಲಿನ ಹಾಗೆ ನೆಟ್ಟಗೆ ನಿಂತಿತ್ತು. ಎಷ್ಟು ಬೀಗಿದ್ದೆ ನಾನು! ಕೆಂಪಕ್ಕ ಬಾಗಿಲು ಎಳೆದುಕೊಂಡು ಹಾಲು ತರಲು ಹೋದಳು.

ನಾನು ಗಾಡಿಯ ಬಿಸಿಲು ಬದಿಗೆ ಬೆನ್ನು ಕೊಟ್ಟು ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದೆ. ಬೆನ್ನಿಗೆ ಮೆತ್ತಗೆ ಏನೋ ತಾಕಿತು. ಮತ್ತೆ ತಾಕಿತು. ಕೂಸನ್ನು ತೂಗುತ್ತಿದ್ದೀಯ ಅಂದುಕೊಂಡೆ. ಕಿವುಡನಿಗೆ ಮೈಯೆಲ್ಲ ಕಿವಿ ಎಂದು ಬರೆದಿದ್ದೆನಲ್ಲ, ಆ ಮೈಗೆ ನಗು ಬಂತು. ನೀನು ತಗಡು ಬಡಿಯುತ್ತಿದ್ದೆ, ತಾಯಿ. ನಾನು ನಗುತ್ತಾ ಕೂತಿದ್ದೆ.

ಕಲ್ಲಿನ ಈಚೆ ಕಸ ಹಾಕಲು ಬಂದ ಈಶ್ವರಮ್ಮ ಬಾಯಿ ಅಗಲಿಸಿ ಕೈ ಬೀಸಿದ್ದು ಕಂಡಿತು. ‘ಬಾಗ್ಲು ತಗೀರೋ, ಮಗಳು ಬಿದ್ದೋಗವ್ಳೆ!’ ಅಂದಳಂತೆ. ಗಾಜಿನಲ್ಲಿ ನಿನ್ನ ಕೈ ಜಾರಿದ್ದನ್ನು ಅವಳು ನೋಡಿದ್ದಳು. ನಾನು ಬಾಗಿಲು ಕಿತ್ತಂತೆ ಎಳೆದೆ. ಕೂಸನ್ನು ಎದೆಗವುಚಿಕೊಂಡು ನೀನು ನನ್ನ ಮೇಲೇ ಬಿದ್ದೆ. ಕೂಸಿನ ಕತ್ತು ವಾಲಿತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ನಿನ್ನನ್ನು ಕಲ್ಲು ದಾಟಿ ಓಡಿಬಂದ ಈಶ್ವರಮ್ಮನ ತೊಡೆಗೆ ಒರಗಿಸಿ, ಕೂಸನ್ನು ಎತ್ತಿಕೊಂಡು ಮನೆಯ ಕಡೆ ಓಡಿದೆ. ನೀರಿರುವುದು ಅಲ್ಲಿ, ಜನರಿರುವುದು ಅಲ್ಲಿ. ಕಲ್ಲಿನ ಹತ್ತಿರ ನನ್ನ ಕಾಲು ನಿಂತುಬಿಟ್ಟಿತು. ಯಾರೂ ಅಡ್ಡ ಬರಲಿಲ್ಲ. ರಾಜಣ್ಣ ಊರಲ್ಲೇ ಇರಲಿಲ್ಲ. ಬ್ರೇಕು ಒತ್ತಿದವನು ನಾನೇ. ಸಾಯುತ್ತಿರುವ ಕೂಸನ್ನು ಹಿಡಿದುಕೊಂಡು, ದಾಟಲೋ ಬೇಡವೋ ಎಂದು ನಿಂತೆ.

ನಾನು ಹಾಗೆ ನಿಂತಿದ್ದಾಗ ಆ ಹಾಳು ಗಾಳಿ ಬೀಸಿ ಕೂಸಿನ ಮೂಗಿಗೆ ಹೋಯಿತು. ಅದು ಬಾಯಿ ತೆರೆಯಿತು. ಅಳು ನನಗೆ ಕೇಳಲಿಲ್ಲ, ಎದೆಗೆ ತಾಕಿತು. ಯಾವ ಗಾಳಿಯನ್ನು ಇಡೀ ಚಳಿಗಾಲ ಹಗೆಯೆಂದು ಹೊರಗಿಟ್ಟೆನೋ ಅದೇ ಉಳಿಸಿತು. ತಿರುಗಿ ನೋಡಿದರೆ ನೀನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದೆ.

ಹಟ್ಟಿಯಲ್ಲಿ ಈಗ ಎಲ್ಲರೂ ‘ನರಸಪ್ಪ ಬುದ್ಧಿವಂತ, ಕೂಸನ್ನು ಗಾಳಿಗೆ ಹಿಡಿದು ಉಳಿಸಿದ’ ಎನ್ನುತ್ತಾರೆ. ನಾನು ಸುಮ್ಮನಿದ್ದೇನೆ. ಕಿವುಡನೆಂದರೆ ಎಷ್ಟು ಅನುಕೂಲ ನೋಡು.

ನರಸಪ್ಪ


ದೊಡ್ಡಬೇವಿನಹಟ್ಟಿ
೧೮ ಫೆಬ್ರವರಿ ೨೦೨೫

ಲಾವಣ್ಯ,

ಉತ್ತರ ಬರಲಿಲ್ಲ. ರೇಣುಕಯ್ಯ ಸೈಕಲ್ ಇಳಿಯುವುದೇ ಇಲ್ಲ, ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ.

ನಿಮ್ಮಮ್ಮ ಒಲೆ ಹಚ್ಚುವಾಗ ಕೆಂಡ ನೋಡಿ ಅಳುತ್ತಾಳೆ. ‘ನೀನೊಬ್ಬಳೇ ಮಾಡಿದ್ದಲ್ಲ ಬುಡು’ ಎಂದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಮುಂದೆ ಬಂದು ಕೂತಳು, ನನಗೆ ತುಟಿ ಕಾಣಲಿ ಎಂದು. ‘ಲಾವಣ್ಯಂಗಿಂತ ಮುಂದಿಂದು ಒಂದು ಕೂಸು ಗುಡ್ಲಾಗೇ ಹೋಯ್ತಲ್ಲ, ಅವತ್ತೂ ನೀನು ಕಲ್ಲತ್ರ ಬಸ್ಸು ನಿಲ್ಸಿ ಆರನ್ ಹೊಡ್ದು ಹೋಗಿದ್ದೆ. ನಾನು ಒಳಗಿಂದ, ಬಂದವ್ನೆ ನನ್ ಗಂಡ ಅಂತ ಖುಷಿ ಪಡ್ತಿದ್ದೆ ಕಣಯ್ಯಾ’ ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ ನಿಜ ಹೇಳಿದೆ. ನಾನು ಉಳಿಸಲಿಲ್ಲ, ದಾಟಲು ಹೆದರಿ ನಿಂತೆ ಅಂತ. ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರ ಮನೆಯ ಹೆಂಗಸರೂ ಆ ಕಲ್ಲಿನಾಚೆ ಮಲಗಿ ಬಂದವರೇ.

ಗಾಡಿ ನೀನು ಬಿಟ್ಟಲ್ಲೇ ಇದೆ.

ನರಸಪ್ಪ


ಕೊರಟಗೆರೆ
೪ ಮಾರ್ಚ್ ೨೦೨೫

ಅಪ್ಪಾ,

ಎರಡು ಕಾಗದವೂ ಬಂದವು. ಮೊದಲನೆಯದನ್ನು ಓದಿ ಒಲೆಗೆ ಹಾಕಬೇಕೆಂದು ಎದ್ದೆ. ಹಾಕಲಾಗಲಿಲ್ಲ.

ಕೂಸಿಗೆ ಎಲ್ಲ ಪರೀಕ್ಷೆಯೂ ಆಯಿತು, ಚೆನ್ನಾಗಿದೆ. ಕಿವಿಯೂ ಚುರುಕು. ಅತ್ತಿಗೆ ಕೈಯಿಂದ ತಟ್ಟೆ ಬಿದ್ದರೆ ಬೆಚ್ಚಿಬಿದ್ದು ತುಟಿ ಬಿಗಿ ಮಾಡುತ್ತಾಳೆ, ಥೇಟು ನಿನ್ನ ಹಾಗೆ. ಇನ್ನೂ ಹೆಸರಿಟ್ಟಿಲ್ಲ, ತೊಟ್ಟಿಲಿಗೂ ಹಾಕಿಲ್ಲ. ಇಲ್ಲೇ ಶಾಸ್ತ್ರ ಮುಗಿಸೋಣ ಎಂದು ಅತ್ತಿಗೆ ಹೇಳುತ್ತಲೇ ಇದ್ದಾರೆ. ನಾನು ಏನೋ ನೆಪ ಹೇಳಿ ಮುಂದೆ ಹಾಕುತ್ತಿದ್ದೇನೆ.

ಅಮ್ಮನಿಗೆ ಹೇಳು, ಕೆಂಡದ ಮೇಲೆ ನನಗೆ ಕೋಪವಿಲ್ಲ. ಅವಳು ಬಲ್ಲದ್ದನ್ನು ಅವಳು ಮಾಡಿದಳು. ನೀನು ಗಾಡಿ ಮುಚ್ಚಿದ್ದಕ್ಕೂ ಕೋಪವಿಲ್ಲ, ನಿನಗೆ ಕೇಳಿಸದೆ ಹೋದದ್ದಕ್ಕೂ ಇಲ್ಲ. ಕಣ್ಣು ಮುಚ್ಚಿದರೆ ನನಗೆ ಕಾಣುವುದು ನಿನ್ನ ಬೆನ್ನು. ಕಲ್ಲಿನ ಮುಂದೆ ನಿಂತ ನಿನ್ನ ಬೆನ್ನು. ಹೆದ್ದಾರಿಯಲ್ಲಿ ಎದುರಿಗೆ ಲಾರಿ ನುಗ್ಗಿ ಬಂದರೂ ಹೆದರದೆ ಸ್ಟೇರಿಂಗ್ ಹಿಡಿದವನು ನೀನು ಎಂದು ಊರಿಗೆಲ್ಲ ಹೇಳಿಕೊಂಡು ಬೆಳೆದವಳು ನಾನು.

ಆಸ್ಪತ್ರೆಯಲ್ಲಿ ಡಾಕ್ಟರು ‘ಇಷ್ಟು ಚಳಿಯಲ್ಲಿ ಗಾಡಿಯಲ್ಲಿ ಯಾಕಿದ್ರಿ, ಮನೆ ಇಲ್ವಾ?’ ಎಂದು ಕೇಳಿದರು. ‘ಇಲ್ಲ’ ಎಂದೆ. ಇದೆ ಎನ್ನಲು ನಾಚಿಕೆಯಾಯಿತು.

ರಂಗರಾಜುವಿಗೆ ಕೆಲಸಕ್ಕೆ ಕರೆ ಬರುತ್ತಿದೆ, ಗಾಡಿ ಬೇಕು. ಮುಂದಿನ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇವೆ. ಬೇವಿನ ಮರದವರೆಗೆ ಬರುತ್ತೇವೆ, ಅಲ್ಲಿಂದಲೇ ಹೊರಡುತ್ತೇವೆ. ಅಮ್ಮ ಬೇಕಿದ್ದರೆ ಅಲ್ಲಿಗೇ ಬಂದು ಕೂಸನ್ನು ನೋಡಲಿ.

ಲಾವಣ್ಯ


ದೊಡ್ಡಬೇವಿನಹಟ್ಟಿ
೧೦ ಮಾರ್ಚ್ ೨೦೨೫

ತಾಯಿ,

ಬೇವಿನ ಮರದ ಹತ್ತಿರ ಬಂದರೆ ನಿಮಗೆ ಗಾಡಿ ಸಿಗುವುದಿಲ್ಲ. ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಕೆಂಪಕ್ಕನಿಗೆ ಓದಿದೆ. ಮನೆ ಇಲ್ಲ ಎಂದು ಡಾಕ್ಟರಿಗೆ ಹೇಳಿದೆಯಲ್ಲ, ಅಲ್ಲಿಗೆ ಬಂದಾಗ ಅವಳು ಎದ್ದು ಹೋಗಿ ಗಾಡಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನಿಂದ ಕೂಸಿನ ಕೌದಿ ತಂದು ತೊಡೆಯ ಮೇಲಿಟ್ಟುಕೊಂಡಿದ್ದಳು. ತೊಳೆಯದ ಕೌದಿ. ಹಿಂದೆಯೇ ಹೋದ ನನಗೆ ‘ಸ್ಟಾರ್ಟ್ ಮಾಡು’ ಎಂದಳು. ತುಟಿ ನೋಡಿದರೂ ನನಗೆ ನಂಬಿಕೆ ಬರಲಿಲ್ಲ. ಕೈಸನ್ನೆ ಮಾಡಿ ತೋರಿಸಿದಳು.

ನಾನು ಧೈರ್ಯವಂತ ಎಂದು ತಿಳಿಯಬೇಡ. ಕ್ಲಚ್ಚು ಬಿಡುವಾಗ ಎರಡು ಸಲ ಎಂಜಿನ್ ಆಫ್ ಆಯಿತು. ಹಟ್ಟಿಯ ಜನರೆಲ್ಲ ಮನೆ ಮುಂದೆ ಕೂತಿದ್ದ ಹೊತ್ತು. ಬಾಣಂತಿ ಮಲಗಿದ ಹಾಸಿಗೆ, ಅವಳ ಬಟ್ಟೆ, ಅವಳ ಕೂಸಿನ ಕೌದಿ, ಎಲ್ಲವನ್ನೂ ಹೇರಿಕೊಂಡು ಗಾಡಿ ಕಲ್ಲು ದಾಟಿತು. ಮೂರು ತಿಂಗಳು ತುಂಬಿಲ್ಲ, ತೀರ್ಥ ಹಾಕಿಸಿಲ್ಲ. ಮುಂದಿನ ಚಕ್ರ ದಾಟುವಾಗ ಕಣ್ಣು ಮುಚ್ಚಿದ್ದೆ. ಡ್ರೈವರು ಮಾಡುವ ಕೆಲಸವಲ್ಲ.

ಮನೆಯ ಬಾಗಿಲಿಗೆ ತಂದು ನಿಲ್ಲಿಸಿದೆ. ರಾಜಣ್ಣ ಬಂದ. ದೂರ ನಿಂತು ಬಹಳ ಹೊತ್ತು ಬಾಯಿ ಆಡಿಸಿದ. ‘ಏನಂತವ್ನೆ?’ ಎಂದು ಕೆಂಪಕ್ಕನನ್ನು ಕೇಳಿದೆ. ‘ಏನಿಲ್ಲ ಬುಡು, ಗಾಡಿ ನೆಳ್ಳಿಗೆ ನಿಲ್ಸು ಅಂದ’ ಎಂದಳು. ಅವಳು ಸುಳ್ಳು ಹೇಳಿದಳೆಂದು ತಕ್ಷಣ ಮುಖ ತಿರುಗಿಸಿಕೊಂಡದ್ದರಲ್ಲೇ ಗೊತ್ತಾಯಿತು. ಅಂದಿನಿಂದ ನಮ್ಮನ್ನು ಯಾರೂ ಮಾತಾಡಿಸುತ್ತಿಲ್ಲ, ಈಶ್ವರಮ್ಮ ಒಬ್ಬಳನ್ನು ಬಿಟ್ಟು. ಯಾರ ಕುರಿಯಾದರೂ ಸತ್ತರೆ ನನ್ನ ಹೆಸರೇ ಬರಲಿ, ನಿನ್ನದು ಬೇಡ ಎಂದು ರಾಜಣ್ಣನಿಗೆ ಹೇಳಿದ್ದೇನೆ. ಕಲ್ಲು ದಾಟಿದ್ದು ಗಾಡಿ. ಅವತ್ತು ದಾಟದೆ ನಿಂತ ಕಾಲಿನ ನಾಚಿಕೆ ಇದರಿಂದ ಕಳೆಯುವುದಿಲ್ಲ, ಅದು ನನಗೆ ಗೊತ್ತು. ಅದು ನನ್ನ ಜೊತೆಗೇ ಇರಲಿ.

ಹಿಂದಿನ ಎರಡು ಕಿಟಕಿಗೂ ಗಾಳಿ ಆಡಲು ದಾರಿ ಬಿಟ್ಟು ರಬ್ಬರು ಕತ್ತರಿಸಿದ್ದೇನೆ. ಮುಂದಿನ ಕ್ಯಾಬಿನ್ ಹಾಗೇ ಇದೆ, ಓಡಿಸುವಾಗ ಸದ್ದಿರುವುದಿಲ್ಲ. ನಿಲ್ಲಿಸಿ ಊದುಬತ್ತಿ ಹಚ್ಚಿ ನೋಡಿದೆ. ಹೊಗೆ ಬಾಗಿತು.

ಭಾನುವಾರ ಬಂದವರು ನೇರ ಬಾಗಿಲಿಗೇ ಬನ್ನಿ. ಕೀ ನನ್ನ ಹತ್ತಿರ ಇಲ್ಲ. ನಿಮ್ಮಮ್ಮ ಅದನ್ನು ಒಳಗೆ, ನಡುಮನೆಯ ತೊಟ್ಟಿಲ ಕೊಕ್ಕೆಗೆ ನೇತು ಹಾಕಿದ್ದಾಳೆ. ನನಗೆ ತೆಗೆಯಲು ಬಿಡುತ್ತಿಲ್ಲ. ನೀನೇ ಒಳಗೆ ಬಂದು ತೆಗೆದುಕೊಳ್ಳಬೇಕಂತೆ.

ಅಪ್ಪ